ತಿಳಿಯದ ಜ್ವರ, ತಿಳಿಯದ ಎಲೆರೋಗ: ಸಲಹೆ ಕೇಳುವ ಬಗೆ

ಗ್ರಾಮಸ್ಥರು ಸದಸ್ಯರ ಬಳಿಗೆ ರಸ್ತೆ, ನೀರಿನ ವಿಷಯಕ್ಕಷ್ಟೇ ಬರುವುದಿಲ್ಲ; ಇಳಿಯದ ಜ್ವರವನ್ನೂ, ಕಾರಣ ತಿಳಿಯದೆ ಒಣಗುವ ಅಡಿಕೆ ಮರವನ್ನೂ ಕುರಿತು ಹೇಳಿಕೊಳ್ಳುತ್ತಾರೆ. ಸದಸ್ಯರು ಚಿಕಿತ್ಸೆ ಸೂಚಿಸತಕ್ಕದ್ದಲ್ಲ. ಯಾರಲ್ಲಿ, ಏನನ್ನು ಹೇಳಿ ಸಲಹೆ ಪಡೆಯಬೇಕೆಂಬುದನ್ನು ತಿಳಿಸಬಹುದು.

ಮಲೆನಾಡಿನಲ್ಲಿ ಜ್ವರದ ಕಾರಣವು ಒಮ್ಮೊಮ್ಮೆ ತೋಟದಲ್ಲಿಯೇ ಇರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯು ಉಣುಗಿನ ಕಡಿತದಿಂದ ಹರಡುತ್ತದೆ. ಹಠಾತ್ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬೇರೆ ಜ್ವರಗಳಲ್ಲಿಯೂ ಇರುವುದರಿಂದ ವೈದ್ಯರಿಗೆ ಸುಳಿವು ನೀಡುವುದು ರೋಗಿಯ ದಿನಚರಿ: ಕಳೆದ ವಾರ ತರಗೆಲೆ ತರಲು ಕಾಡಿಗೆ ಹೋಗಿದ್ದರೇ? ತೋಟದ ಅಂಚಿನಲ್ಲಿ ಮಂಗ ಸತ್ತಿತ್ತೇ? ಕೆಸರುಗದ್ದೆಯಲ್ಲಿ ದುಡಿದವರಾದರೆ ಇಲಿ ಜ್ವರದ ಸಂಶಯವೂ ಉಂಟು. ಕೇಳದ ಹೊರತು ರೋಗಿಗಳು ಇವನ್ನು ಹೇಳುವುದು ಅಪರೂಪ. ಸತ್ತ ಮಂಗವನ್ನು ಮುಟ್ಟದೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸತಕ್ಕದ್ದು. ಕೀಟನಾಶಕ ಸಿಂಪಡಿಸಿದ ಬಳಿಕ ವಾಂತಿ, ತಲೆಸುತ್ತು ಬಂದಲ್ಲಿ ಅದರ ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಬೇಕು.

ಪೂರ್ತಿ ಒಣಗಿದ ಎಲೆಯಿಂದ ತಜ್ಞರಿಗೆ ತಿಳಿಯುವುದು ಕಡಿಮೆ. ರೋಗ ಹಬ್ಬುತ್ತಿರುವ, ಇನ್ನೂ ಹಸಿರು ಉಳಿದಿರುವ ಭಾಗವನ್ನು ಕಾಗದದಲ್ಲಿ ಸುತ್ತಿ ತೋಟಗಾರಿಕೆ ಕಚೇರಿಗೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ಯುವುದು ಸೂಕ್ತ. ಪ್ಲಾಸ್ಟಿಕ್ ಚೀಲದಲ್ಲಿ ಎಲೆ ಕೊಳೆತು ಮೂಲ ರೋಗವೇ ಮರೆಯಾಗುತ್ತದೆ. ಮೊದಲು ಅಂಗಡಿಯ ಔಷಧಿ ಹೊಡೆದು ಆಮೇಲೆ ಕೇಳುವುದು ನಮ್ಮಲ್ಲಿ ರೂಢಿ. ಹಾಗೆ ಹೊಡೆದಿದ್ದಲ್ಲಿ ಅದರ ಹೆಸರನ್ನು ಮುಚ್ಚಿಡದೆ ಹೇಳತಕ್ಕದ್ದು.

ದೂರವಾಣಿ ಸಲಹೆಗೆ: ಆರೋಗ್ಯ 104, ಕೃಷಿ 1800-180-1551.