ಗುಡಾರ ಹೋದರೂ ಉಳಿದ ಅರ್ಥ

ಪ್ರಶ್ನೆ: ಜೆರೂಸಲೇಮಿನ ದೇವಾಲಯ ಕ್ರಿ.ಶ. 70ರಲ್ಲೇ ನಾಶವಾಯಿತು. ಹಾಗಿದ್ದರೂ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಗಡದ ಕ್ರೈಸ್ತರು ಆ ದೇವಾಲಯಕ್ಕೂ ಮೊದಲು ಆರಾಧನೆಯ ಸ್ಥಳವಾಗಿದ್ದ ಮೋಶೆಯ ಗುಡಾರಕ್ಕೆ ಇಂದಿಗೂ ಅಷ್ಟು ಮಹತ್ವ ಕೊಡುವುದೇಕೆ?

ಉತ್ತರ: ಅವರಿಗೆ ಅದು ಬರೀ ಹಳೆಯ ಗುಡಾರವಲ್ಲ, ಪಾಪಪರಿಹಾರ ನಡೆಯುವ ಕ್ರಮದ ನಕ್ಷೆ. ಇಬ್ರಿಯರಿಗೆ ಬರೆದ ಪತ್ರಿಕೆ ಅದನ್ನು ಪರಲೋಕದ ನಿಜ ಆಲಯದ ಛಾಯೆ ಎನ್ನುತ್ತದೆ. ಅಂಗಳದ ಯಜ್ಞವೇದಿಯಲ್ಲಿ ದಿನವೂ ಬಲಿ. ಒಳಗೆ ದೀಪ, ರೊಟ್ಟಿ, ಧೂಪ. ತೆರೆಯಾಚೆಯ ಮಹಾಪರಿಶುದ್ಧ ಸ್ಥಳಕ್ಕೆ ಮಹಾಯಾಜಕ ಹೋಗುತ್ತಿದ್ದುದು ವರ್ಷದಲ್ಲಿ ಒಂದೇ ದಿನ. ಅಂಗಡಿಯವನು ದಿನದಿನದ ವ್ಯವಹಾರ ಬರೆದಿಟ್ಟು ವರ್ಷಾಂತ್ಯದಲ್ಲಿ ಖಾತೆ ಚುಕ್ತಾ ಮಾಡುವ ಹಾಗೆ, ದಿನದಿನದ ಕ್ಷಮೆಗೆ ವರ್ಷದ ಆ ಒಂದು ದಿನ ಆಲಯದ ಅಂತಿಮ ಶುದ್ಧೀಕರಣ ಸೇರುತ್ತಿತ್ತು. ಆಲಯದ ಶುದ್ಧೀಕರಣಕ್ಕೆ ದಾನಿಯೇಲನ ಗ್ರಂಥ ಹೇಳುವ 2300 ದಿನಗಳನ್ನು ವರ್ಷಗಳೆಂದು ಕ್ರಿ.ಪೂ. 457ರಿಂದ ಎಣಿಸಿ, 1844ರಲ್ಲಿ ಕ್ರಿಸ್ತನು ಪರಲೋಕದಲ್ಲಿ ಈ ಕೊನೆಯ ಹಂತದ ಸೇವೆಯನ್ನು, ಅಂದರೆ ನ್ಯಾಯವಿಚಾರಣೆಯನ್ನು, ಆರಂಭಿಸಿದನೆಂದು ಅಡ್ವೆಂಟಿಸ್ಟರು ನಂಬುತ್ತಾರೆ.

ಹಾಗಾದರೆ ಶಿಲುಬೆಯ ಬಲಿ ಸಾಲದಾಯಿತೇ? ಇತರ ಕ್ರೈಸ್ತರು ಎತ್ತುವ ಈ ಆಕ್ಷೇಪ ಗಂಭೀರವಾದದ್ದೇ. ಆದರೆ ಗುಡಾರದಲ್ಲೂ ಬಲಿಯಾದ ಮೇಲೆ ಯಾಜಕನ ಕೆಲಸವಿತ್ತು. ಬಲಿ ಒಮ್ಮೆಗೇ ಪೂರ್ಣ, ಅದರ ಫಲವನ್ನು ಹಂಚುವ ಮಧ್ಯಸ್ಥಿಕೆ ಮುಂದುವರಿದಿದೆ ಎಂಬುದು ಅವರ ಉತ್ತರ. ಈ ವಾದದಲ್ಲಿ ಹುರುಳಿದೆ. ನ್ಯಾಯವಿಚಾರಣೆ ನಡೆಸುವವನೇ ತಮ್ಮ ಪರವಾಗಿ ನಿಂತವನು ಎಂಬ ಭರವಸೆಯಿಂದ ಅವರು ಇಂದಿಗೂ ಪ್ರಾರ್ಥಿಸುತ್ತಾರೆ.