ಎರಡು ದಿಕ್ಕಿಗೆ ಹರಿಯುವ ಹೊಳೆ

ಶರಾವತಿಯನ್ನು ನೋಡಿ ಬಂದೆವೆಂದು ಹೇಳುವವರಲ್ಲಿ ಬಹುಮಂದಿ ನೋಡಿರುವುದು ಅದರ ನಡುವಣ ಒಂದು ತುಣುಕನ್ನು ಮಾತ್ರ. ಜೋಗದಲ್ಲಿ ೨೫೩ ಮೀಟರು ಕೆಳಕ್ಕೆ ಧುಮುಕಿದ ಮೇಲೆ ಆ ನದಿ ಏನಾಯಿತೆಂದು ಕೇಳುವವರು ಕಡಮೆ. ಗೇರುಸೊಪ್ಪೆಯ ಕಣಿವೆಯನ್ನು ದಾಟಿ, ಅಬ್ಬರವನ್ನೆಲ್ಲ ಬಿಟ್ಟು, ತೆಂಗಿನ ತೋಟಗಳ ನಡುವೆ ಅಗಲವಾಗಿ ಹಬ್ಬಿ, ಅಲ್ಲಿಯವರು ಕುರ್ವೆಗಳೆಂದು ಕರೆಯುವ ನಡುಗಡ್ಡೆಗಳನ್ನು ಬಳಸಿಕೊಂಡು, ಹೊನ್ನಾವರದ ಬಳಿ ಅದು ಕಡಲನ್ನು ಸೇರುತ್ತದೆ. ೧೬೨೩ರಲ್ಲಿ ಇಕ್ಕೇರಿಗೆ ಹೊರಟಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಈ ಹೊನ್ನಾವರದಿಂದಲೇ ದೋಣಿ ಹತ್ತಿ ಗೇರುಸೊಪ್ಪೆಯವರೆಗೆ ಹೋದನು. ಇಂದಿನ ಪ್ರವಾಸಿಗಳಾದರೋ ಸೇತುವೆಯ ಮೇಲೆ ಬಸ್ಸಿನ ಕಿಟಕಿಯಿಂದ ಒಂದು ನಿಮಿಷ ಇಣುಕಿ, ಮುರುಡೇಶ್ವರಕ್ಕೋ ಗೋಕರ್ಣಕ್ಕೋ ಮುಂದುವರಿಯುತ್ತಾರೆ.

ಆ ಒಂದು ನಿಮಿಷದಲ್ಲಿಯೇ ಕೇಳಬೇಕಾದ ಪ್ರಶ್ನೆಯೊಂದಿದೆ. ಶರಾವತಿಯ ಉದ್ದ ಸುಮಾರು ೧೨೮ ಕಿಲೋಮೀಟರು. ನದಿಗಳ ಲೆಕ್ಕದಲ್ಲಿ ಇದು ಸಣ್ಣದು. ಇಂಥ ನದಿಯನ್ನು ದಾಟಲು ಕೊಂಕಣ ರೈಲ್ವೆಯವರು ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಸೇತುವೆಯನ್ನು ಕಟ್ಟಬೇಕಾಯಿತು. ಅವರ ದಾರಿಯಲ್ಲೆಲ್ಲ ಅದೇ ಅತ್ಯಂತ ಉದ್ದವಾದುದು. ಅಷ್ಟು ಅಗಲವೇಕೆ? ಸೇತುವೆಯ ಕೆಳಗೆ ಚಲಿಸುವ ನೀರು ನದಿಯದು ಮಾತ್ರವಲ್ಲ, ಕಡಲಿನದೂ ಹೌದು. ದಿನಕ್ಕೆರಡು ಬಾರಿ ಕಡಲು ಒಳಗೆ ಬಂದು, ಎರಡು ಬಾರಿ ಹೊರಗೆ ಹೋಗುತ್ತದೆ. ಒಂದು ಚದರ ಕಿಲೋಮೀಟರಿನಷ್ಟು ಜಲವಿಸ್ತಾರದಲ್ಲಿ ನೀರಿನ ಮಟ್ಟ ಒಂದೂವರೆ ಮೀಟರು ಏರಿತೆಂದರೆ ಹದಿನೈದು ಲಕ್ಷ ಘನ ಮೀಟರು ನೀರು ಒಳನುಗ್ಗಿತೆಂದರ್ಥ. ಇದು ಆರು ಗಂಟೆಗಳಲ್ಲಿ ಆಗಬೇಕು. ಅಂದರೆ ಸೆಕೆಂಡಿಗೆ ಸುಮಾರು ೭೦ ಘನ ಮೀಟರು. ಅಳಿವೆಯ ವಿಸ್ತಾರ ಒಂದು ಚದರ ಕಿಲೋಮೀಟರಿಗಿಂತ ಬಹಳ ಹೆಚ್ಚು. ಆ ನೀರೆಲ್ಲ ಕಿರಿದಾದ ಮುಖವೊಂದರ ಮೂಲಕವೇ ಓಡಾಡಬೇಕಾದುದರಿಂದ ಅಲ್ಲಿ ಸೆಳೆತ ಹೇಗಿರುತ್ತದೆಂಬುದನ್ನು ವಾಚಕರೇ ಊಹಿಸಬಹುದು.

ಹೊನ್ನಾವರಕ್ಕೆ ಹೋಗುವ ವಿದ್ಯಾರ್ಥಿಗೆ ನಾನು ಹೇಳುವ ಮೊದಲ ಮಾತೇನೆಂದರೆ, ಜೇಬಿನಲ್ಲಿ ಒಂದು ಪಂಚಾಂಗವಿರಲಿ. ನಗಬೇಡಿ, ಶುಭಮುಹೂರ್ತ ನೋಡುವುದಕ್ಕಲ್ಲ, ತಿಥಿ ನೋಡುವುದಕ್ಕೆ. ಸೂರ್ಯನಿಗೂ ಚಂದ್ರನಿಗೂ ನಡುವಣ ಕೋನ ೧೨ ಅಂಶ ಹೆಚ್ಚಿದರೆ ಒಂದು ತಿಥಿ ಕಳೆಯಿತು. ಭೂಮಿ ತನ್ನ ಸುತ್ತ ೧೨ ಅಂಶ ತಿರುಗಲು ೪೮ ನಿಮಿಷ ಬೇಕು. ನಮ್ಮ ಹಿರಿಯರ ಲೆಕ್ಕದಲ್ಲಿ ಸರಿಯಾಗಿ ಎರಡು ಘಳಿಗೆ. ಉಬ್ಬರವು ಮುಖ್ಯವಾಗಿ ಚಂದ್ರನನ್ನು ಅನುಸರಿಸುವುದರಿಂದ, ಅಮಾವಾಸ್ಯೆಯಂದು ಒಂದು ಊರಿನಲ್ಲಿ ತುಂಬು ಉಬ್ಬರ ಯಾವ ಹೊತ್ತಿಗೆ ಬಂದಿತೆಂದು ತಿಳಿದರೆ ಸಾಕು. ಮುಂದೆ ಕಳೆದ ತಿಥಿಯೊಂದಕ್ಕೆ ಎರಡು ಘಳಿಗೆಯಂತೆ ಕೂಡಿಸುತ್ತ ಹೋಗಬಹುದು. ಈ ಕರಾವಳಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಉಬ್ಬರ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಬರುತ್ತದೆ. ಹನ್ನೊಂದು ಗಂಟೆಯೆಂದು ಇಟ್ಟುಕೊಂಡರೆ, ದಶಮಿಯಂದು ಹತ್ತು ತಿಥಿಗಳಿಗೆ ಎಂಟು ಗಂಟೆ ಸೇರಿ, ಸಂಜೆ ಏಳಕ್ಕೆ ಉಬ್ಬರ. ಅದಕ್ಕೆ ಆರು ಗಂಟೆ ಮೊದಲು, ಮಧ್ಯಾಹ್ನ ಒಂದರ ಹೊತ್ತಿಗೆ, ಇಳಿತ. ಅರ್ಧ ಮುಕ್ಕಾಲು ಗಂಟೆ ಆಚೆ ಈಚೆ ಆಗುವುದುಂಟು. ಪರೀಕ್ಷೆಯ ಉತ್ತರಕ್ಕೆ ಇದು ಸಾಲದು, ತಿರುಗಾಟಕ್ಕೆ ಸಾಕು.

ಈ ಲೆಕ್ಕವನ್ನು ಪರೀಕ್ಷಿಸುವುದೇ ಮೊದಲ ದಿನದ ಒಳ್ಳೆಯ ಕೆಲಸ. ಒಂದು ಬಿದಿರಿನ ಗಳಕ್ಕೆ ಐದು ಸೆಂಟಿಮೀಟರಿಗೊಂದರಂತೆ ಬಣ್ಣದ ಗೆರೆ ಬಳಿದು, ಅಲೆಯಿಲ್ಲದ ದಂಡೆಯ ಕೆಸರಿನಲ್ಲಿ ನೆಟ್ಟು, ಅರ್ಧ ಗಂಟೆಗೊಮ್ಮೆ ನೀರಿನ ಮಟ್ಟವನ್ನು ಬರೆದುಕೊಳ್ಳಬೇಕು. ನಕ್ಷೆಯ ಕಾಗದದ ಮೇಲೆ ಅವನ್ನು ಗುರುತಿಸಿದರೆ, ತರಗತಿಯಲ್ಲಿ ಲೋಲಕಕ್ಕೆ ನಾವು ಎಳೆಯುವ ಸೈನ್ ರೇಖೆಯ ಸೋದರಿಯೊಂದು ನಿಧಾನವಾಗಿ ಮೂಡುತ್ತದೆ. ಮಟ್ಟ ಎಲ್ಲ ಹೊತ್ತಿನಲ್ಲಿಯೂ ಒಂದೇ ವೇಗದಿಂದ ಏರುವುದಿಲ್ಲ. ೧೮೦ ಸೆಂಟಿಮೀಟರಿನ ಉಬ್ಬರವಾದರೆ ಮೊದಲ ಗಂಟೆಯಲ್ಲಿ ೧೫, ಎರಡನೆಯದರಲ್ಲಿ ೩೦, ಮೂರು ನಾಲ್ಕನೆಯವುಗಳಲ್ಲಿ ನಾಲ್ವತ್ತೈದರಂತೆ ೯೦, ಬಳಿಕ ಮತ್ತೆ ೩೦, ಕೊನೆಗೆ ೧೫. ನಾವಿಕರ ಹಳೆಯ ಸೂತ್ರವಿದು. ಮರಳದಿಬ್ಬದ ಮೇಲೆ ನಿಂತು, ಮೊದಲ ಗಂಟೆಯಲ್ಲಿ ಗೇಣಿನಷ್ಟೂ ಏರದ ನೀರನ್ನು ನೋಡಿ ‘ಇನ್ನೂ ಹೊತ್ತಿದೆ’ ಎಂದುಕೊಂಡವರು ಮೂರನೆಯ ಗಂಟೆಯಲ್ಲಿ ಸಿಕ್ಕಿಬೀಳುವುದು ಇದರಿಂದಲೇ.

ಇಷ್ಟು ತಿಳಿದವನಾದ ನಾನು ಸಿಕ್ಕಿಬಿದ್ದುದು ಬೇರೊಂದು ಕಾರಣದಿಂದ. ಕೆಲವು ವರ್ಷಗಳ ಹಿಂದೆ ಡಿಸೆಂಬರಿನಲ್ಲಿ ಆರು ಮಂದಿ ವಿದ್ಯಾರ್ಥಿಗಳೊಡನೆ ಹೊನ್ನಾವರಕ್ಕೆ ಹೋಗಿದ್ದೆ. ಅಂದು ದಶಮಿ. ಬೆಳಗ್ಗೆ ಇಳಿತದೊಡನೆ ಹುಟ್ಟುದೋಣಿಯಲ್ಲಿ ಕೆಳಗೆ ಹೋಗಿ, ಅಳಿವೆಯ ಮುಖಕ್ಕೆ ಇನ್ನೂ ದೂರವಿರುವಾಗಲೇ ಮರಳದಿಬ್ಬವೊಂದರಲ್ಲಿ ಇಳಿದು, ಚಿಪ್ಪುಗಳನ್ನು ಆರಿಸಿ, ಬುತ್ತಿ ಉಂಡು, ಒಂದು ಗಂಟೆಗೆ ಏರತೊಡಗುವ ನೀರಿನೊಡನೆ ಶ್ರಮವಿಲ್ಲದೆ ಊರಿಗೆ ಮರಳುವುದೆಂದು ನನ್ನ ಯೋಜನೆ. ಒಂದೂವರೆಯ ಹೊತ್ತಿಗೆ ದಿಬ್ಬದಂಚಿನಲ್ಲಿ ನೆಟ್ಟ ಕೋಲಿನ ಮೇಲೆ ನೀರು ಎರಡು ಬೆರಳು ಏರಿದ್ದಿತು. ಲೆಕ್ಕ ಸರಿಯಾಯಿತೆಂಬ ಹೆಮ್ಮೆಯಿಂದ ಹೊರಡೋಣವೆಂದೆ. ದೋಣಿಯವರು ನೀರನ್ನೊಮ್ಮೆ ನೋಡಿ, “ಮಾಸ್ತರ್ರೇ, ನೀರು ಏರ್ತದೆ ಹೌದು, ಮೇಲ್ನೀರು ಇನ್ನೂ ತಿರುಗ್ಲಿಲ್ಲ. ಸ್ವಲ್ಪ ಕೂತ್ಕೊಳ್ಳಿ” ಎಂದರು. ನೀರು ಏರುತ್ತಿದ್ದ ಮೇಲೆ ಒಳಗೆ ಬರುತ್ತಿರಲೇಬೇಕು. ಒಳಗೆ ಬರುವ ನೀರು ಹೊರಗೆ ಹೇಗೆ ಹರಿದೀತು? ತರ್ಕವೇನೋ ನಿರ್ದುಷ್ಟವಾಗಿಯೇ ಇದ್ದಿತು. ನಾನು ಒತ್ತಾಯಿಸಿದೆ. ಅವರು ಮರುಮಾತಾಡದೆ ಹುಟ್ಟು ಹಿಡಿದರು.

ದೋಣಿ ಆಳಕ್ಕೆ ಬಂದೊಡನೆಯೇ ಕಡಲಿನ ಕಡೆಗೆ ಜಾರತೊಡಗಿತು. ಹುಟ್ಟು ಹಾಕಿದಷ್ಟೂ ದಂಡೆಯ ತೆಂಗಿನ ಮರಗಳು ಮುಂದೆ ಮುಂದೆ ಸರಿಯುತ್ತಿದ್ದುವು. ನಾವು ಹಿಂದೆ ಹಿಂದೆ. ಅಳಿವೆಯ ಮರಳದಂಡೆಯ ಮೇಲೆ ಒಡೆಯುವ ಅಲೆಗಳ ಸದ್ದು ಮೊದಲು ಕೇಳಿಸಿತು, ಬಳಿಕ ಬಿಳಿಯ ನೊರೆ ಕಾಣಿಸಿತು. ವಿದ್ಯಾರ್ಥಿಗಳ ಮಾತು ನಿಂತುಹೋಯಿತು. ದೋಣಿಯವರು ಹುಟ್ಟನ್ನು ಒಳಗಿಟ್ಟು, ಉದ್ದನೆಯ ಗಳವನ್ನು ತೆಗೆದುಕೊಂಡು, ಪ್ರವಾಹಕ್ಕೆ ಎದುರಾಗಿ ಹೋಗುವ ಪ್ರಯತ್ನವನ್ನೇ ಬಿಟ್ಟು, ಅಡ್ಡಲಾಗಿ ದಂಡೆಯ ಕಡೆಗೆ ತಳ್ಳಿಕೊಂಡು ಹೋದರು. ಎದೆಮಟ್ಟದ ನೀರಿನಲ್ಲಿ ಗಳವನ್ನು ಊರಿ ದೋಣಿಯನ್ನು ಅದಕ್ಕೆ ಕಟ್ಟಿದರು. ಅಲ್ಲಿ ಒಂದು ಗಂಟೆಗೂ ಮೀರಿ ಬಿಸಿಲಿನಲ್ಲಿ ಕುಳಿತೆವು. ಎಲ್ಲರೂ ತೇಲುವ ಅಂಗಿಗಳನ್ನು ತೊಟ್ಟಿದ್ದರೆಂಬುದೊಂದೇ ಆ ಹೊತ್ತಿನಲ್ಲಿ ನನಗಿದ್ದ ಸಮಾಧಾನ. ಅವರು ನನ್ನನ್ನು ಒಂದು ಮಾತೂ ಆಡಲಿಲ್ಲ, ಆಡಿದ್ದರೆ ವಾಸಿಯಾಗುತ್ತಿತ್ತು.

ನಾನು ಮರೆತದ್ದು ಸಾಂದ್ರತೆಯನ್ನು. ಕಡಲಿನ ಒಂದು ಕಿಲೋಗ್ರಾಮು ನೀರಿನಲ್ಲಿ ಸುಮಾರು ೩೫ ಗ್ರಾಮು ಉಪ್ಪಿರುತ್ತದೆ. ಆದುದರಿಂದ ಅದು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ. ನಾಲ್ಕು ಮೀಟರು ಎತ್ತರದ ಉಪ್ಪುನೀರಿನ ಕಂಬವನ್ನು ಸರಿತೂಗಲು ೪.೧ ಮೀಟರಿನ ಸಿಹಿನೀರಿನ ಕಂಬ ಬೇಕಾಗುತ್ತದೆ. ಹೀಗೆ ತಳದಲ್ಲಿ ಒತ್ತಡಗಳು ಸಮವಾಗಬೇಕಾದರೆ ನದಿಯ ಮೇಲ್ಮೈ ಕಡಲಿನದಕ್ಕಿಂತ ಹತ್ತು ಸೆಂಟಿಮೀಟರು ಮೇಲಿರಬೇಕು. ಮೇಲಿದ್ದರೆ, ಮೇಲ್ಭಾಗದ ನೀರು ಹೊರಕ್ಕೆ ಹರಿಯದೆ ಬಿಡದು. ಅಷ್ಟು ಮೇಲಿಲ್ಲದಿದ್ದರೆ, ತಳದಲ್ಲಿ ಕಡಲಿನ ಒತ್ತಡವೇ ಹೆಚ್ಚಾಗಿ ಉಪ್ಪುನೀರು ಒಳಕ್ಕೆ ನುಸುಳುತ್ತದೆ. ಇವೆರಡರ ನಡುವಣ ಸ್ಥಿತಿಯಲ್ಲಿ ಎರಡೂ ಏಕಕಾಲದಲ್ಲಿ ನಡೆಯುತ್ತವೆ. ಕೆಳಗೆ ಬೆಣೆಯಂತೆ ಕಡಲು ಒಳಗೆ ಬರುತ್ತಿರುತ್ತದೆ; ಅದರ ಬೆನ್ನಿನ ಮೇಲೆ ಹೊಳೆ ಹೊರಗೆ ಹೋಗುತ್ತಿರುತ್ತದೆ. ಒಟ್ಟು ಮಟ್ಟ ಏರುತ್ತದೆ, ದೋಣಿ ಮಾತ್ರ ಕಡಲಿಗೆ ಹೋಗುತ್ತದೆ! ಅಷ್ಟಮಿ, ದಶಮಿಗಳ ಸುಮಾರಿನಲ್ಲಿ ಸೂರ್ಯ ಚಂದ್ರರ ಸೆಳೆತಗಳು ಒಂದನ್ನೊಂದು ಕುಂದಿಸುವುದರಿಂದ ಉಬ್ಬರವಿಳಿತ ದುರ್ಬಲ. ಎರಡು ನೀರುಗಳನ್ನು ಕಲಕುವ ಶಕ್ತಿ ಅದಕ್ಕೆ ಸಾಲದು. ಹುಣ್ಣಿಮೆಗಿಂತ ಆಗಲೇ ಈ ಪದರಗಳು ಸ್ಪಷ್ಟವಾಗಿರುತ್ತವೆ. ನಾನು ಆರಿಸಿದ ತಿಥಿಯೇ ನನಗೆ ಪ್ರತಿಕೂಲವಾಗಿದ್ದಿತು.

ಮರುದಿನ ಇದನ್ನು ಕಣ್ಣಾರೆ ನೋಡಬೇಕೆಂದು ವಿದ್ಯಾರ್ಥಿಗಳೇ ಹಟ ಹಿಡಿದರು. ಎರಡು ಸಿಪ್ಪೆಯ ತೆಂಗಿನಕಾಯಿಗಳನ್ನು ತಂದೆವು. ಒಂದನ್ನು ಹಾಗೆಯೇ ನೀರಿಗೆ ಬಿಟ್ಟೆವು. ಇನ್ನೊಂದಕ್ಕೆ ಮೂರು ಮೀಟರು ಹಗ್ಗ ಕಟ್ಟಿ, ಅದರ ತುದಿಗೆ ಅಗಲವಾದ ಬುಟ್ಟಿಯನ್ನು, ಮುಳುಗುವಷ್ಟೇ ಕಲ್ಲು ಹಾಕಿ, ಇಳಿಬಿಟ್ಟೆವು. ಈ ಬಾರಿ ದೋಣಿಯವರು ಹೇಳಿದ ಹೊತ್ತಿಗೆ, ಅವರು ಹೇಳಿದ ಜಾಗದಲ್ಲಿ, ಮುಖದಿಂದ ಬಹಳ ಮೇಲಕ್ಕೆ. ಮೊದಲನೆಯ ಕಾಯಿ ಪಡುವಣಕ್ಕೆ ತೇಲಿತು. ಎರಡನೆಯದು ಸ್ವಲ್ಪ ಹೊತ್ತು ನಿಂತಲ್ಲೇ ತೂಗಾಡಿ, ಬಳಿಕ ಮೆಲ್ಲನೆ, ಯಾರೋ ಕೆಳಗಿನಿಂದ ಎಳೆಯುತ್ತಿರುವರೋ ಎಂಬಂತೆ, ಮೂಡಣಕ್ಕೆ ಹೊರಟಿತು. ಆರು ಮಂದಿಯೂ ಚಪ್ಪಾಳೆ ತಟ್ಟಿದರು. ದೋಣಿಯವರೂ ನಕ್ಕರು, ಅವರಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ.

ವಿಜ್ಞಾನದ ಚರಿತ್ರೆಯಲ್ಲಿಯೂ ಈ ಪಾಠ ದೋಣಿಯವರಿಂದಲೇ ಬಂದುದು. ಇಸ್ತಾಂಬುಲಿನ ಬಾಸ್ಫೊರಸ್ ಜಲಸಂಧಿಯಲ್ಲಿ ಮೇಲ್ನೀರು ಒಂದು ದಿಕ್ಕಿಗೂ ಅಡಿನೀರು ಎದುರು ದಿಕ್ಕಿಗೂ ಹರಿಯುತ್ತವೆಂದು ಬೆಸ್ತರು ಬಲ್ಲವರಾಗಿದ್ದರು. ಅದನ್ನು ಕೇಳಿದ ಇಟಲಿಯ ಮಾರ್ಸಿಲಿ ಎಂಬ ತರುಣನು ಅಳೆದು ನೋಡಿ, ನಡುವೆ ಅಡ್ಡಹಲಗೆಯಿದ್ದ ಪೆಟ್ಟಿಗೆಯೊಂದರಲ್ಲಿ ಎರಡು ಬಗೆಯ ನೀರನ್ನು ತುಂಬಿ, ಹಲಗೆಯ ಮೇಲೊಂದು ಕೆಳಗೊಂದು ತೂತು ತೆರೆದು, ಅದೇ ಎರಡು ಪ್ರವಾಹಗಳನ್ನು ಉಂಟುಮಾಡಿ ತೋರಿಸಿದನು. ೧೬೮೧ರಲ್ಲಿ ಅವನ ಬರಹ ಅಚ್ಚಾಯಿತು. ಬಣ್ಣ ಕಲಸಿದ ಉಪ್ಪುನೀರಿನಿಂದ ಈ ಪ್ರಯೋಗವನ್ನು ಯಾವ ಶಾಲೆಯಲ್ಲಾದರೂ ಮಾಡಬಹುದು.

ನೀರನ್ನು ಅಳೆಯುವುದಕ್ಕೂ ದುಬಾರಿಯ ಉಪಕರಣ ಬೇಕಿಲ್ಲ. ಪ್ರನಾಳವೊಂದರೊಳಗೆ ಸೀಸದ ಗುಂಡುಗಳನ್ನು ಹಾಕಿ, ಸಿಹಿನೀರಿನಲ್ಲಿ ೧೨೦ ಮಿಲಿಮೀಟರು ಮುಳುಗಿ ನೆಟ್ಟಗೆ ತೇಲುವಂತೆ ಮಾಡಿ, ಒಳಗೆ ಅಳತೆಯ ಕಾಗದ ಅಂಟಿಸಿ. ಅದೇ ಕಡಲಿನ ನೀರಿನಲ್ಲಿ ೧೧೭ ಮಿಲಿಮೀಟರು ಮಾತ್ರ ಮುಳುಗುತ್ತದೆ. ಮೂರೇ ಮಿಲಿಮೀಟರೆ ಎನ್ನಬೇಡಿ. ಅಷ್ಟರೊಳಗೆ ಇಡೀ ಅಳಿವೆ ಅಡಗಿದೆ. ಆಳದ ನೀರನ್ನು ತರಲು ಕಲ್ಲು ಕಟ್ಟಿದ ಸೀಸೆಯನ್ನು ಬಿರಡೆ ಹಾಕಿ ಇಳಿಸಿ, ಬಿರಡೆಗೆ ಕಟ್ಟಿದ ಬೇರೆ ದಾರವನ್ನು ಜಗ್ಗಿದರಾಯಿತು. ಎರಡು ನೀರುಗಳನ್ನೂ ನೆರಳಿನಲ್ಲಿಟ್ಟು ಒಂದೇ ಉಷ್ಣತೆಗೆ ತಂದ ಮೇಲೆ ಅಳೆಯಬೇಕೆಂಬುದನ್ನು ಮರೆಯಬಾರದು.

ಸಿಹಿನೀರು ಬೇಸಗೆಯಲ್ಲಿ ಎಲ್ಲಿಂದ ಬರುತ್ತದೆಂದು ಕೇಳಬಹುದು. ಮಳೆ ನಿಂತು ತಿಂಗಳುಗಳಾದ ಮೇಲೆ ಈ ಕರಾವಳಿಯ ಹೊಳೆಗಳು ಬಡವಾಗಿ, ಕಡಲು ಬಹುದೂರ ಒಳಗೆ ಬರುವುದು ಸಹಜಕ್ರಮ. ಆದರೆ ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು, ಮುಂದೆ ಗೇರುಸೊಪ್ಪೆಯಲ್ಲಿಯೂ ೨೪೦ ಮೆಗಾವಾಟಿನ ವಿದ್ಯುದಾಗಾರ ಆದಂದಿನಿಂದ ಶರಾವತಿಯಲ್ಲಿ ಬೇಸಗೆಯಲ್ಲಿಯೂ ಸಿಹಿನೀರು ಬರುತ್ತಿದೆ. ನಾಡಿನ ದೀಪಗಳನ್ನು ಹೊತ್ತಿಸಿ ಇಳಿದ ನೀರು ಅಳಿವೆಯ ಉಪ್ಪನ್ನು ತೆಳುವಾಗಿಸುತ್ತದೆ. ಉಪ್ಪು ಬೇಕಾದ ಬಳಚು ಮೊದಲಾದ ಚಿಪ್ಪಿನ ಜೀವಿಗಳಿಗೆ ಇದು ಒಗ್ಗಲಿಲ್ಲ. ಉತ್ತರಕ್ಕೆ ಕುಮಟೆಯ ಬಳಿ, ದೊಡ್ಡ ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಳಚು ಹೆಕ್ಕುವವರ ಗುಂಪುಗಳನ್ನು ನೋಡಿದರೆ ಎರಡು ಹೊಳೆಗಳ ಅಂತರ ತಿಳಿಯುತ್ತದೆ. ವಿದ್ಯುತ್ತು ಬೇಡವೆಂದು ನಾನು ಹೇಳಲಾರೆ. ಈ ಲೇಖನವನ್ನು ಬರೆಯುತ್ತಿರುವುದೂ ಅದರ ಬೆಳಕಿನಲ್ಲಿಯೇ. ಆದರೆ ಅದರ ಬೆಲೆಯ ಒಂದು ಪಾಲನ್ನು ತೆತ್ತವರು ಇಲ್ಲಿನ ಹೊಳೆದಂಡೆಯವರೆಂಬುದು ಲೆಕ್ಕದಲ್ಲಿ ಬರಬೇಕು.

ಇನ್ನುಳಿದ ಹೊತ್ತಿಗೆ ಕಾಂಡ್ಲಾ ಗಿಡಗಳಿವೆ. ಅರಣ್ಯ ಇಲಾಖೆಯವರು ಕಾಂಡ್ಲಾವನದ ನಡುವೆ ಹಲಗೆಯ ದಾರಿಯನ್ನು ಮಾಡಿದ್ದಾರೆ. ಇಳಿತದ ಹೊತ್ತಿಗೆ ಹೋದರೆ ಕೆಸರಿನಿಂದ ಪೆನ್ಸಿಲುಗಳಂತೆ ಮೇಲೆದ್ದ ಉಸಿರುಬೇರುಗಳು ಕಾಣುತ್ತವೆ. ಇವು ಉಸಿರಾಡುವ ರೀತಿ ಭೌತಶಾಸ್ತ್ರಕ್ಕೆ ಸೇರಿದುದು. ನೀರು ಮುಚ್ಚಿರುವಾಗ ಬೇರಿನೊಳಗಿನ ಆಮ್ಲಜನಕ ವ್ಯಯವಾಗುತ್ತದೆ. ಹುಟ್ಟಿದ ಇಂಗಾಲದ ಡೈಆಕ್ಸೈಡು ನೀರಿನಲ್ಲಿ ಕರಗಿಹೋಗುತ್ತದೆ. ಒಳಗಿನ ಒತ್ತಡ ಕುಗ್ಗುತ್ತದೆ. ನೀರು ಇಳಿದು ರಂಧ್ರಗಳು ತೆರೆದೊಡನೆ ಹೊರಗಿನ ಗಾಳಿ ಒಳಗೆ ಸೆಳೆಯಲ್ಪಡುತ್ತದೆ. ೧೯೫೫ರಲ್ಲಿ ಷೋಲಾಂಡರ್ ಮತ್ತು ಅವರ ಸಂಗಡಿಗರು ಇದನ್ನು ಅಳೆದು ತೋರಿಸಿದರು. ಇದೇ ಜಾತಿಯ ಎಲೆಯನ್ನು ನಾಲಗೆಗೆ ಮುಟ್ಟಿಸಿ ನೋಡಿ: ಉಪ್ಪು! ಬೇರಿನಿಂದ ಬಂದ ಉಪ್ಪನ್ನು ಗಿಡ ಎಲೆಯ ಮೂಲಕ ಹೊರಹಾಕುತ್ತದೆ. ಕೆಳಗೆ, ಒಂದು ಕೊಂಬು ಮಾತ್ರ ದೊಡ್ಡದಾದ ಗಂಡು ಏಡಿಗಳು ಅದನ್ನು ಬೀಸಿ ಕರೆಯುತ್ತಿರುತ್ತವೆ. ಹೆಜ್ಜೆ ಸದ್ದಾದರೆ ಎಲ್ಲವೂ ಒಮ್ಮೆಗೇ ಮಾಯ.

ತೆಂಕಣ ದಂಡೆಯ ಕಾಸರಕೋಡಿನ ಕಡಲತೀರಕ್ಕೆ ೨೦೨೦ರಲ್ಲಿ ‘ನೀಲಿ ಬಾವುಟ’ದ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಈಜುವವರು ಕಾವಲುಗಾರರಿರುವ ಜಾಗದಲ್ಲಿಯೇ ಈಜಬೇಕು, ಅಳಿವೆಯ ಮುಖದ ಬಳಿ ಎಂದಿಗೂ ಕೂಡದು. ಎಲ್ಲಿಯೇ ಆಗಲಿ, ಸೆಳೆತಕ್ಕೆ ಸಿಕ್ಕಿದರೆ ಅದಕ್ಕೆ ಎದುರಾಗಿ ಸೆಣಸದೆ ದಂಡೆಗೆ ಸಮಾನಾಂತರವಾಗಿ ಈಜಿ ಅದರ ಪಟ್ಟಿಯಿಂದ ಹೊರಬರಬೇಕು. ನಮ್ಮ ದೋಣಿಯವರು ಗಳ ಹಿಡಿದು ಮಾಡಿದ್ದೂ ಅದನ್ನೇ. ಚಳಿಗಾಲದಲ್ಲಿ ಈ ಮರಳಿನ ಮೇಲೆ ಕಡಲಾಮೆಗಳು ಮೊಟ್ಟೆಯಿಡಲು ಬರುವುದರಿಂದ ರಾತ್ರಿ ಬ್ಯಾಟರಿ ದೀಪ ಹಿಡಿದು ಅಲೆಯುವ ಚಪಲ ಬೇಡ.

ಹೋಗಲು ತಕ್ಕ ಕಾಲ ಮಳೆ ಮುಗಿದ ಅಕ್ಟೋಬರಿನಿಂದ ಫೆಬ್ರವರಿಯವರೆಗೆ. ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿ ಆ ಪ್ರವಾಸದ ಎರಡು ಸೀಸೆಗಳಿವೆ. ಒಂದರ ಮೇಲೆ ‘ಮೇಲ್ನೀರು’, ಇನ್ನೊಂದರ ಮೇಲೆ ‘ಅಡಿನೀರು’ ಎಂದು ವಿದ್ಯಾರ್ಥಿಯೊಬ್ಬಳು ಚೀಟಿ ಅಂಟಿಸಿದ್ದಾಳೆ. ಪ್ರತಿ ವರ್ಷ ಹೊಸ ತರಗತಿಯವರು ಪ್ರನಾಳವನ್ನು ಅವುಗಳಲ್ಲಿ ತೇಲಿಸಿ ನೋಡುತ್ತಾರೆ. ಮುಳುಗುವ ಆಳದಲ್ಲಿ ಸುಮಾರು ಎರಡು ಮಿಲಿಮೀಟರಿನ ವ್ಯತ್ಯಾಸ ಈಗಲೂ ಬರುತ್ತದೆ.