ಒಗ್ಗರಣೆಯ ವಾಸನೆ ಕಳೆದುಕೊಂಡ ಭಟ್ಟರು

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯನ್ನು ತಾವೆಲ್ಲ ಕೇಳಿದ್ದೀರಿ. ಗಾದೆಯ ಎರಡನೆಯ ಅರ್ಧದ ಬಗ್ಗೆ ನನ್ನ ತಕರಾರಿಲ್ಲ. ಮೊದಲನೆಯ ಅರ್ಧ ಮಾತ್ರ ಪೂರ್ತಿ ನಿಜವಲ್ಲ ಎಂಬುದನ್ನು ನನಗೆ ಮನವರಿಕೆ ಮಾಡಿಕೊಟ್ಟವರು ಹಳೇಕೋಟೆ ಕಡೆಯ ಒಬ್ಬ ಅಡಿಗೆಯವರು. ಅವರ ಹೆಸರು ಇಲ್ಲಿ ಬೇಡ. ಭಟ್ಟರೆಂದೇ ಕರೆಯೋಣ.

2021ರ ಆಗಸ್ಟ್ ತಿಂಗಳಲ್ಲಿ ಭಟ್ಟರು ತಲೆನೋವೆಂದು ನನ್ನಲ್ಲಿಗೆ ಬಂದರು. ರಕ್ತದ ಒತ್ತಡ ನೋಡಿದರೆ 170/100. ಎರಡು ವರ್ಷದ ಹಿಂದೆ ಇದೇ ಭಟ್ಟರಿಗೆ 130/80 ಇತ್ತು. "ಉಪ್ಪು ಜಾಸ್ತಿ ತಿನ್ನುತ್ತೀರಾ?" ಎಂದೆ. "ಇಲ್ಲ ಡಾಕ್ಟ್ರೇ, ಮೊದಲಿನ ಹಾಗೇ" ಎಂದರು. ಜೊತೆಯಲ್ಲಿದ್ದ ಅವರ ಮನೆಯವರು ಸುಮ್ಮನಿರಲಿಲ್ಲ. "ಈಗೀಗ ಇವರು ಮಾಡಿದ ಸಾರು ಬಾಯಿಗಿಡೋಕಾಗಲ್ಲ. ಬರೀ ಉಪ್ಪು, ಬರೀ ಖಾರ. ಮೊನ್ನೆ ಒಗ್ಗರಣೆ ಸೀದು ಹೊಗೆ ಬಂದರೂ ಪಕ್ಕದಲ್ಲೇ ನಿಂತಿದ್ದವರಿಗೆ ಗೊತ್ತಾಗಲಿಲ್ಲ" ಎಂದರು.

ಭಟ್ಟರು ತಲೆ ತಗ್ಗಿಸಿದರು. ಸ್ವಲ್ಪ ಹೊತ್ತಿನ ಮೇಲೆ, "ಮೂಗು ಹೋಗಿದೆ ಡಾಕ್ಟ್ರೇ. ನಾಲ್ಕು ತಿಂಗಳಾಯಿತು. ಯಾರಿಗೂ ಹೇಳಬೇಡಿ, ಗೊತ್ತಾದರೆ ಯಾರೂ ಅಡಿಗೆಗೆ ಕರೆಯಲ್ಲ" ಎಂದರು.

ಮೂವತ್ತು ವರ್ಷದ ಸಂಚಾರ

ಭಟ್ಟರದು ಒಂದೂರಿನ ಅಡಿಗೆಯಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮದುವೆ ಮುಂಜಿಗಳಿಂದ ಶುರು ಮಾಡಿ ಮೈಸೂರು, ಧಾರವಾಡ, ಉಡುಪಿ, ಕಾಸರಗೋಡು, ಕಡೆಗೆ ಮುಂಬೈಯ ಮಾಟುಂಗದವರೆಗೆ ಸೌಟು ಹಿಡಿದು ಹೋಗಿ ಬಂದವರು. ಹೋದ ಊರಿನ ಅಡಿಗೆಯನ್ನು ಆ ಮನೆಯ ಹೆಂಗಸರಿಂದ ಕೇಳಿ ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳುವುದು ಅವರ ಅಭ್ಯಾಸ. ಹೀಗೆ ಊರೂರು ತಿರುಗಿ ಕಲಿಯುವುದು ದೊಡ್ಡ ಹೋಟೆಲುಗಳಲ್ಲೂ ಉಂಟು. ಬೆಂಗಳೂರಿನಲ್ಲಿ 1990ರಲ್ಲಿ ಆರಂಭವಾದ 'ಕರಾವಳಿ' ಹೋಟೆಲಿನ ಅಡಿಗೆಯವರು ಸಮುದ್ರತೀರದ ಊರುಗಳ ಮನೆಮನೆಗೆ ಹೋಗಿ ಗೃಹಿಣಿಯರಿಂದ ಪಾಠ ಹೇಳಿಸಿಕೊಂಡರು. ಕೊಡಗಿನ ನರೇನ್ ತಿಮ್ಮಯ್ಯನವರು ಹೆಸರು ಮಾಡಿದ್ದು ಆ ಅಡಿಗೆಮನೆಯಿಂದಲೇ.

"ಕಣ್ಣು ಕಟ್ಟಿ ಅಡಿಗೆಮನೆ ಬಾಗಿಲಲ್ಲಿ ನಿಲ್ಲಿಸಿ, ಯಾವ ಸೀಮೆ ಅಂತ ಒಗ್ಗರಣೆ ಮೇಲೆ ಹೇಳ್ತೀನಿ" ಎಂಬುದು ಭಟ್ಟರ ಹೆಮ್ಮೆಯ ಮಾತಾಗಿತ್ತು. ಕೊಬ್ಬರಿ ಎಣ್ಣೆ ಕರಿಬೇವು ಎಂದರೆ ದಕ್ಷಿಣ ಕನ್ನಡ, ಶೇಂಗಾ ಎಣ್ಣೆ ಬೆಳ್ಳುಳ್ಳಿ ಎಂದರೆ ಧಾರವಾಡ, ತುಪ್ಪ ಇಂಗು ಎಂದರೆ ಮೈಸೂರು.

2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿತ್ತು. ಬೇಸಿಗೆಯ ಅಷ್ಟೂ ಮದುವೆಗಳ ಮುಂಗಡವನ್ನು ಭಟ್ಟರು ಹಿಂತಿರುಗಿಸಬೇಕಾಯಿತು. ನಮ್ಮ ಹಾಸನ ಜಿಲ್ಲೆಯಲ್ಲಿ ಮೇ ತಿಂಗಳ ಎರಡನೆಯ ವಾರದವರೆಗೂ ಕೊರೊನಾ ಇರಲಿಲ್ಲ. ಮೊದಲ ಪ್ರಕರಣಗಳು ಕಂಡದ್ದು ಮುಂಬೈಯಿಂದ ಬಂದವರಲ್ಲಿ. ಆಮೇಲೆ ಮದುವೆಗೆ 50 ಜನರ ಮಿತಿ ಬಂತು. 50 ಎಲೆಗೆ ಅಡಿಗೆ ತಂಡವೇಕೆ? ವರ್ಷಪೂರ್ತಿ ಮನೆಯಲ್ಲಿ ಕುಳಿತ ಭಟ್ಟರು 2021ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಮುಂಜಿಗೆ ಹೋದರು. ಬರುವಾಗ ಜ್ವರ ತಂದರು. ಜ್ವರ ಐದು ದಿನಕ್ಕೆ ಬಿಟ್ಟಿತು, ಮೂಗು ಮಾತ್ರ ಹಿಂದಕ್ಕೆ ಬರಲಿಲ್ಲ.

ರುಚಿ ಇರುವುದು ಎಲ್ಲಿ?

ನಾಲಗೆ ತಿಳಿಯುವುದು ಕೆಲವೇ ಸಂಗತಿ. ಸಿಹಿ, ಹುಳಿ, ಉಪ್ಪು, ಕಹಿ, ಮತ್ತು ಅಣಬೆ, ಟೊಮೇಟೊ, ಮಾಂಸದ ರಸದಲ್ಲಿರುವ 'ಉಮಾಮಿ' ಎಂಬ ಐದನೆಯ ರುಚಿ. ಖಾರವನ್ನು ನಾವು ಷಡ್ರಸದಲ್ಲಿ ಸೇರಿಸಿದ್ದೇವೆ. ಶರೀರಶಾಸ್ತ್ರದ ಪ್ರಕಾರ ಅದು ರುಚಿಯಲ್ಲ, ಉರಿ. ಅದನ್ನು ಮಿದುಳಿಗೆ ಮುಟ್ಟಿಸುವ ನರವೇ ಬೇರೆ. ಉಳಿದದ್ದೆಲ್ಲ, ಎಂದರೆ ಏಲಕ್ಕಿಯ ಘಮ, ಕಾಫಿಯ ಪರಿಮಳ, ಹಿತಕಿದವರೆಯ ಸೊಗಡು, ಮೂಗಿನ ಕೊಡುಗೆ. ಅನ್ನ ಅಗಿಯುವಾಗ ಅದರ ವಾಸನೆ ಗಂಟಲ ಹಿಂಬದಿಯಿಂದ ಮೂಗಿಗೆ ಏರುತ್ತದೆ. ಅಲ್ಲಿ, ಮೂಗಿನ ಚಾವಣಿಯಲ್ಲಿ, ಅಂಚೆಚೀಟಿಯಷ್ಟು ಜಾಗದಲ್ಲಿ ವಾಸನೆಯ ನರಕೋಶಗಳಿವೆ. ವಾಸನೆ ಹಿಡಿಯುವ ಸುಮಾರು 400 ಬಗೆಯ ಗ್ರಾಹಕಗಳು ಅವುಗಳಲ್ಲಿವೆ. ಈ ಗ್ರಾಹಕಗಳನ್ನು ಕಂಡುಹಿಡಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಬಂತು.

ತಾವೇ ಪರೀಕ್ಷಿಸಿ ನೋಡಬಹುದು. ಮೂಗನ್ನು ಗಟ್ಟಿಯಾಗಿ ಹಿಡಿದುಕೊಂಡು ಒಂದು ಏಲಕ್ಕಿ ಬಾಯಿಗೆ ಹಾಕಿ ಅಗಿಯಿರಿ. ಏನೋ ನಾರು ಅಗಿದಂತಿರುತ್ತದೆ. ಮೂಗು ಬಿಟ್ಟ ಕ್ಷಣ ಏಲಕ್ಕಿ ಏಲಕ್ಕಿಯಾಗುತ್ತದೆ.

ಭಟ್ಟರ ಉಪ್ಪು ಖಾರದ ಗುಟ್ಟು ಇಲ್ಲಿದೆ. ಘಮ ಸಿಗದಿದ್ದಾಗ ಅವರಿಗೆ ಉಳಿದದ್ದು ಉಪ್ಪು ಮತ್ತು ಉರಿ ಮಾತ್ರ. ರುಚಿ ಸಾಲದೆಂದು ಅವನ್ನೇ ಹೆಚ್ಚಿಸುತ್ತಾ ಹೋದರು. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಟ್ಟರದು ಅದನ್ನು ಎಂದೋ ದಾಟಿತ್ತು. ಒತ್ತಡ ಏರದೆ ಇನ್ನೇನಾದೀತು?

ವೈರಾಣು ಮಾಡಿದ್ದೇನು?

ನೆಗಡಿಯಲ್ಲಿ ಮೂಗು ಕಟ್ಟಿದಾಗ ವಾಸನೆ ತಿಳಿಯದು, ಅದು ಎಲ್ಲರಿಗೂ ಅನುಭವ. ಕೊರೊನಾದಲ್ಲಿ ಮೂಗು ಕಟ್ಟದೆಯೇ ವಾಸನೆ ಹೋಯಿತು. 2020ರ ಜೂನ್ 13ರಂದು ಕೇಂದ್ರ ಆರೋಗ್ಯ ಇಲಾಖೆ ಇದನ್ನು ರೋಗಲಕ್ಷಣಗಳ ಪಟ್ಟಿಗೆ ಸೇರಿಸಿತು. ಈ ವೈರಾಣು ವಾಸನೆಯ ನರಕೋಶಗಳಿಗಿಂತ ಹೆಚ್ಚಾಗಿ ಅವುಗಳಿಗೆ ಆಸರೆಯಾದ ಪಕ್ಕದ ಕೋಶಗಳನ್ನು ಹಿಡಿಯುತ್ತದೆ. ಚಪ್ಪರದ ಗೂಟ ಕಿತ್ತರೆ ಬಳ್ಳಿ ಬಾಡುವಂತೆ ನರಕೋಶಗಳು ಕೆಲಸ ನಿಲ್ಲಿಸುತ್ತವೆ. ಸಮಾಧಾನದ ಸಂಗತಿಯೆಂದರೆ ಮೂಗಿನ ಈ ಕೋಶಗಳಿಗೆ ಮತ್ತೆ ಹುಟ್ಟುವ ಶಕ್ತಿಯಿದೆ. ಹೆಚ್ಚಿನವರಿಗೆ ಕೆಲವೇ ವಾರಗಳಲ್ಲಿ ವಾಸನೆ ಮರಳಿತು. ಕೆಲವರಿಗೆ ತಿಂಗಳುಗಳು, ಇನ್ನು ಕೆಲವರಿಗೆ ವರ್ಷಗಳೇ ಹಿಡಿದವು.

ಮರಳುವಾಗ ಅದು ವಕ್ರವಾಗಿಯೂ ಬರಬಹುದು. ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಕೊಳೆತಂತೆ, ಸುಟ್ಟಂತೆ ನಾರುತ್ತವೆ. ಇಂಥವರು ಊಟವನ್ನೇ ಬಿಡುತ್ತಾರೆ, ತೂಕ ಇಳಿಯುತ್ತದೆ, ಮನಸ್ಸು ಕುಗ್ಗುತ್ತದೆ. ಮನೆಯವರು ಇದನ್ನು ಸೋಗು ಎಂದು ತಿಳಿಯಬಾರದು. ನರಗಳು ಮತ್ತೆ ಜೋಡಣೆಯಾಗುತ್ತಿರುವ ಲಕ್ಷಣವದು.

ಮೂಗಿಗೆ ವ್ಯಾಯಾಮ

ಇದಕ್ಕೆ ಮಾತ್ರೆಯಿಲ್ಲವೇ ಎಂದು ಭಟ್ಟರು ಕೇಳಿದರು. ಖಂಡಿತ ಗುಣಪಡಿಸುವ ಮಾತ್ರೆಯಿಲ್ಲ. ಯಾರದೋ ಮಾತು ಕೇಳಿ ಸ್ಟೀರಾಯ್ಡ್ ಮಾತ್ರೆ ನುಂಗುವುದಂತೂ ಅಪಾಯ. 2021ರಲ್ಲಿ ಸಕ್ಕರೆ ಕಾಯಿಲೆಯವರಿಗೆ ಸ್ಟೀರಾಯ್ಡ್ ಮಿತಿಮೀರಿ ಕಪ್ಪು ಶಿಲೀಂಧ್ರ ಹಿಡಿದದ್ದನ್ನು ನಾವು ಮರೆಯಬಾರದು.

ಹಾನಿಯಿಲ್ಲದ, ಖರ್ಚಿಲ್ಲದ ಉಪಾಯವೊಂದಿದೆ. ಜರ್ಮನಿಯ ಡ್ರೆಸ್ಡೆನ್‌ನ ವೈದ್ಯ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಘ್ರಾಣ ವ್ಯಾಯಾಮ ಅದು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕು ವಾಸನೆಗಳನ್ನು ದಿನಕ್ಕೆರಡು ಬಾರಿ ಮೂಸುವುದು. ಒಂದೊಂದನ್ನೂ ಇಪ್ಪತ್ತು ಸೆಕೆಂಡಿನಷ್ಟು ಹೊತ್ತು ನಿಧಾನವಾಗಿ ಮೂಸಬೇಕು. ಮೂಸುವಾಗ ಆ ವಾಸನೆ ಹಿಂದೆ ಹೇಗಿತ್ತೆಂದು ನೆನೆಯಬೇಕು. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಬೇಕು. ಎಲ್ಲರಿಗೂ ಫಲಿಸುತ್ತದೆಂದು ಹೇಳಲಾರೆ, ಆದರೆ ಅನೇಕರಿಗೆ ಉಪಕಾರವಾಗಿದೆ. ಪುಡಿಗಳನ್ನು ಮೂಗಿಗೆ ಎಳೆದುಕೊಳ್ಳಬಾರದು. ಸಣ್ಣ ಡಬ್ಬಿಯಲ್ಲಿಟ್ಟು ಮೂಸಿದರೆ ಸಾಕು.

ಅಡಿಗೆಮನೆಯಲ್ಲಿ ಎಚ್ಚರ

ವಾಸನೆ ತಿಳಿಯದವರು, ವಯಸ್ಸಾಗಿ ಮೂಗು ಮಂದವಾದವರು ಈ ಮಾತುಗಳನ್ನು ಗಮನಿಸಬೇಕು.

ಸಿಲಿಂಡರಿನ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದೇ ಅದಕ್ಕೆ ಕೆಟ್ಟ ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ಮೂಗಿಲ್ಲದವರಿಗೆ ಆ ಎಚ್ಚರಿಕೆ ಸಿಗದು. ರಾತ್ರಿ ಮಲಗುವ ಮುನ್ನ ರೆಗ್ಯುಲೇಟರ್ ಬಂದ್ ಮಾಡಿ. ಸೋರಿಕೆ ತಿಳಿಸುವ ಉಪಕರಣ ಹಾಕಿಸಿದರೆ ಇನ್ನೂ ಒಳ್ಳೆಯದು. ಸೋರಿಕೆಯ ಅನುಮಾನ ಬಂದರೆ ದೀಪದ ಸ್ವಿಚ್ ಮುಟ್ಟದೆ ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಹಳಸಿದ್ದನ್ನು ಮೂಸಿ ತಿಳಿಯಲಾಗದು. ಆದ್ದರಿಂದ ಮಾಡಿದ ಹೊತ್ತನ್ನು ನೆನಪಿಡಿ, ಅನುಮಾನವಿದ್ದರೆ ಚೆಲ್ಲಿ. ಉಪ್ಪನ್ನು ಅಳೆದು ಹಾಕಿ. ರುಚಿ ಸಾಲದಿದ್ದರೆ ನಿಂಬೆಹುಳಿ ಹಿಂಡಿ, ಹುರಿದ ಕಡಲೆಕಾಯಿ ಬೀಜ, ಕೋಸಂಬರಿಯಂಥ ಗರಿಗರಿ ಪದಾರ್ಥ ಸೇರಿಸಿ.

ವಾಸನೆ ಹೋದದ್ದಕ್ಕೆಲ್ಲ ಕೊರೊನಾವೇ ಕಾರಣವೆಂದು ಸುಮ್ಮನಿರಬೇಡಿ. ಮೂಗಿನೊಳಗಿನ ದುರ್ಮಾಂಸ, ಸೈನಸ್ ತೊಂದರೆ, ತಲೆಗೆ ಬಿದ್ದ ಪೆಟ್ಟು, ಧೂಮಪಾನವೂ ಕಾರಣವಾಗಬಹುದು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ನಡುಗುವುದಕ್ಕೆ ವರ್ಷಗಳ ಮೊದಲೇ ವಾಸನೆ ಕುಂದುವುದುಂಟು. ಒಂದೇ ಹೊಳ್ಳೆ ಕಟ್ಟುವುದು, ಮೂಗಿನಲ್ಲಿ ರಕ್ತ, ಪೆಟ್ಟಿನ ನಂತರ ಹೋದ ವಾಸನೆ, ಒಂದು ತಿಂಗಳಾದರೂ ಮರಳದ ವಾಸನೆ, ಇವಕ್ಕೆ ಕಿವಿ ಮೂಗು ಗಂಟಲು ತಜ್ಞರನ್ನು ಕಾಣಲೇಬೇಕು.

ಭಟ್ಟರಿಗೆ ಒತ್ತಡದ ಮಾತ್ರೆ ಬರೆದೆ, ಮೂಗಿನ ಪರೀಕ್ಷೆಗೆ ಹಾಸನಕ್ಕೆ ಕಳುಹಿಸಿದೆ. ಅಲ್ಲಿ ಬೇರೆ ದೋಷವೇನೂ ಕಾಣಲಿಲ್ಲ. "ಮುಚ್ಚಿಡಬೇಡಿ ಭಟ್ರೇ, ನಿಮ್ಮ ತಂಡದವರಿಗೆ ಹೇಳಿ" ಎಂದೆ. ಅದೇ ಅವರಿಗೆ ಕಷ್ಟವಾದ ಔಷಧ. ಕೊನೆಗೆ ಹೇಳಿದರು. ಯಾರೂ ಕೆಲಸ ಬಿಡಿಸಲಿಲ್ಲ. ಹತ್ತು ವರ್ಷ ಜೊತೆಯಲ್ಲಿ ದುಡಿದ ಹುಡುಗ ರುಚಿ ನೋಡಿ ಹೇಳುವನಾದ, ಭಟ್ಟರು ಅಳತೆ ಮತ್ತು ಹದ ನೋಡಿಕೊಂಡರು.

ಐದನೆಯ ತಿಂಗಳಲ್ಲಿ ಲವಂಗ ಸಿಕ್ಕಿತು. ಆಮೇಲೆ ನಿಂಬೆ, ಬಹಳ ದಿನದ ಮೇಲೆ ಕಾಫಿ. ಇಂಗು ಮಾತ್ರ ಅವರಿಗೆ ಇಂದಿಗೂ ಸೀಮೆಎಣ್ಣೆಯಂತೆ ನಾರುತ್ತದೆ. ಧಾರವಾಡ, ಉಡುಪಿಯ ಮದುವೆಗಳಿಗೆ ಮತ್ತೆ ಹೋಗುತ್ತಿದ್ದಾರೆ. ಹೋದ ಸಲ ಒತ್ತಡ ನೋಡಿಸಿಕೊಳ್ಳಲು ಬಂದಾಗ ಹೇಳಿದರು: "ಮೈಸೂರು ಸೀಮೆ ಒಂದು ಬಿಟ್ಟು ಉಳಿದದ್ದೆಲ್ಲ ಗೊತ್ತಾಗುತ್ತೆ ಡಾಕ್ಟ್ರೇ." ಒತ್ತಡ 134/84 ಇತ್ತು. ಲವಂಗದ ಡಬ್ಬಿ ಅಂಗಿಯ ಜೇಬಿನಲ್ಲಿತ್ತು.